ಮಳೆಗೆ ಮೊದಲು ಮೂಡಣಕ್ಕೆ, ಮಳೆ ಮುಗಿದ ಮೇಲೆ ಪಡುವಣಕ್ಕೆ: ನಮ್ಮ ಘಟ್ಟದ ಚಿಟ್ಟೆ ವಲಸೆ ನೋಡುವ ಬಗೆ

(ಚಿಕ್ಕಮಗಳೂರಿನಲ್ಲಿ ನೀಡಿದ ಉಪನ್ಯಾಸದ ಬರಹ ರೂಪ)

ಚಿಟ್ಟೆಗಳ ವಲಸೆ ನೋಡಬೇಕು ಅನ್ನುವವರು ಮೊದಲು ಕೇಳುವುದು "ಯಾವ ಜಾಗಕ್ಕೆ ಹೋಗಬೇಕು?" ಅಂತ. ಮುಳ್ಳಯ್ಯನಗಿರಿಗೋ, ಕೆಮ್ಮಣ್ಣುಗುಂಡಿಗೋ, ಬಿಸಿಲೆಗೋ? ಇವತ್ತು ನಾನು ಮುಖ್ಯವಾಗಿ ಹೇಳಬೇಕೆಂದಿರುವುದು ಇಷ್ಟು: ನಮ್ಮ ಘಟ್ಟದಲ್ಲಿ ಜಾಗಕ್ಕಿಂತ ಮೊದಲು ಮಳೆಯನ್ನು ವಿಚಾರಿಸಬೇಕು. ಮಳೆಯ ಲೆಕ್ಕ ಸಿಕ್ಕರೆ ದಿನ ಗೊತ್ತಾಗುತ್ತದೆ. ದಿನ ಗೊತ್ತಾದ ಮೇಲೆ ಗಾಳಿ ನೋಡಿಕೊಂಡು ಎಲ್ಲಿ ನಿಲ್ಲಬೇಕೆಂದು ತೀರ್ಮಾನಿಸಬಹುದು.

ಜಾಗ ಕೇಳುವ ಅಭ್ಯಾಸ ನಮಗೆ ಬಂದದ್ದು ಮೆಕ್ಸಿಕೋದ ಚಿತ್ರಗಳಿಂದ. ಅಲ್ಲಿಯ ಮೊನಾರ್ಕ್ ಚಿಟ್ಟೆಗಳಿಗೆ ನಿಜಕ್ಕೂ ಒಂದು ಜಾಗ ಇದೆ. ಕೆನಡಾ ಮತ್ತು ಅಮೆರಿಕದ ಉತ್ತರ ಭಾಗದಿಂದ ಸಾವಿರಾರು ಕಿಲೋಮೀಟರ್ ಹಾರಿ ಬಂದು, ಸುಮಾರು 3,000 ಮೀಟರ್ ಎತ್ತರದ ಬೆಟ್ಟಗಳಲ್ಲಿ, ಒಯಮೆಲ್ ಎಂಬ ಫರ್ ಮರಗಳಿಗೆ ಜೋತುಬಿದ್ದು ನವೆಂಬರಿನಿಂದ ಮಾರ್ಚ್‌ವರೆಗೆ ಚಳಿಗಾಲ ಕಳೆಯುತ್ತವೆ. ಆ ಕಾಡುಗಳು ಹೊರಜಗತ್ತಿನ ವಿಜ್ಞಾನಿಗಳಿಗೆ ತಿಳಿದದ್ದು 1975ರ ಜನವರಿಯಲ್ಲಿ. ಮರುವರ್ಷ ಜನವರಿಯಲ್ಲಿ ಫ್ರೆಡ್ ಅರ್ಕ್ಹಾರ್ಟ್ ಎಂಬ ಕೆನಡಾದ ವಿಜ್ಞಾನಿ ಆ ಬೆಟ್ಟಕ್ಕೆ ಹೋದಾಗ, ರೆಕ್ಕೆಗೆ ಚೀಟಿ ಅಂಟಿಸಿದ ಒಂದು ಚಿಟ್ಟೆ ಅವರ ಕಣ್ಣಿಗೆ ಬಿತ್ತು. ಅದನ್ನು ಅಂಟಿಸಿದ್ದು ಅಮೆರಿಕದ ಮಿನೆಸೋಟಾ ರಾಜ್ಯದ ಚಾಸ್ಕಾ ಎಂಬ ಊರಿನಲ್ಲಿ, ಒಬ್ಬ ಮೇಷ್ಟ್ರು ಮತ್ತು ಇಬ್ಬರು ಶಾಲಾ ಹುಡುಗರು, 1975ರ ಆಗಸ್ಟಿನಲ್ಲಿ. ಇಲ್ಲಿ ಕೂತಿರುವ ಮೇಷ್ಟ್ರುಗಳು ಈ ಸಂಗತಿಯನ್ನು ನೆನಪಿಟ್ಟುಕೊಳ್ಳಬೇಕು. ಶಾಲೆಯ ಮಕ್ಕಳು ಮಾಡಿದ ಕೆಲಸ ಅದು.

ಮೊನಾರ್ಕ್‌ಗಳನ್ನು ಅಲ್ಲಿ ಒಂದೊಂದಾಗಿ ಎಣಿಸುವುದಿಲ್ಲ. ಎಷ್ಟು ಹೆಕ್ಟೇರ್ ಕಾಡನ್ನು ಅವು ಆವರಿಸಿವೆ ಎಂದು ಅಳೆಯುತ್ತಾರೆ. 1996–97ರ ಚಳಿಗಾಲದಲ್ಲಿ 18 ಹೆಕ್ಟೇರಿಗೂ ಮೀರಿದ್ದದ್ದು 2013–14ರಲ್ಲಿ 0.67 ಹೆಕ್ಟೇರಿಗೆ ಇಳಿಯಿತು. ಕುಸಿತ ಎಷ್ಟು ಎಂದು ಹೇಳಲು ಅವರಿಗೆ ಸಾಧ್ಯವಾದದ್ದು ವರ್ಷವರ್ಷವೂ ಒಂದೇ ಬಗೆಯಲ್ಲಿ ಅಳೆದದ್ದರಿಂದ. ನಮ್ಮ ಚಿಟ್ಟೆಗಳು ಹಾಗೆ ಒಂದು ಗುಡ್ಡದ ಮೇಲೆ ಒಟ್ಟಾಗುವುದಿಲ್ಲ. ಅಗಲವಾದ ಪಟ್ಟಿಯಲ್ಲಿ ಹರಡಿಕೊಂಡು ಜಿಲ್ಲೆಯನ್ನು ದಾಟುತ್ತವೆ. ಆದ್ದರಿಂದ ನಮ್ಮ ಅಳತೆ ಬೇರೆ ಇರಬೇಕು. ಅದಕ್ಕೆ ಆಮೇಲೆ ಬರುತ್ತೇನೆ.

ಮೊದಲು ಮಳೆ. ಕೊಟ್ಟಿಗೆಹಾರದಿಂದ ಕಡೂರಿಗೆ ನೇರ ಗೆರೆ ಎಳೆದರೆ 70 ಕಿಲೋಮೀಟರ್ ಆಸುಪಾಸು. ಅತ್ತ ಕೊನೆಯಲ್ಲಿ ವರ್ಷಕ್ಕೆ 3,000 ಮಿಲಿಮೀಟರ್ ದಾಟುವುದು ಮಾಮೂಲು, ಇತ್ತ ಕೊನೆಯಲ್ಲಿ 600ರ ಸುತ್ತ. ಹಾಸನದಲ್ಲಿ ಸಕಲೇಶಪುರದಿಂದ ಅರಸೀಕೆರೆಗೆ ಹೋದರೂ ಇದೇ ಕಥೆ. ಇಷ್ಟು ಕಡಿಮೆ ದೂರದಲ್ಲಿ ಇಷ್ಟು ವ್ಯತ್ಯಾಸ ಇರುವುದೇ ವಲಸೆಗೆ ಕಾರಣ. ಚಿಟ್ಟೆಯ ರೆಕ್ಕೆಯ ಸ್ನಾಯು ಬಿಸಿಯಾಗದೆ ಅದು ಹಾರಲಾರದು, ಬಿಸಿಯಾಗಲು ಬಿಸಿಲು ಬೇಕು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಘಟ್ಟದ ನೆತ್ತಿಯಲ್ಲಿ ವಾರಗಟ್ಟಲೆ ಬಿಸಿಲೇ ಇರುವುದಿಲ್ಲ. ಅದೇ ಹೊತ್ತಿಗೆ ಬಯಲುಸೀಮೆಯಲ್ಲಿ ಹದವಾದ ಮಳೆಗೆ ಬೇಲಿಯ ಬಳ್ಳಿಗಳು ಚಿಗುರುತ್ತವೆ. ಎಳೆ ಎಲೆ ಇದ್ದಲ್ಲಿ ಮೊಟ್ಟೆ ಇಡಬಹುದು. ಮೊಟ್ಟೆಯಿಂದ ಚಿಟ್ಟೆಯಾಗಲು ಸುಮಾರು ಒಂದು ತಿಂಗಳು ಸಾಕು. ಹಾಗಾಗಿ ಮೇ ತಿಂಗಳಲ್ಲಿ ಪೂರ್ವಕ್ಕೆ ಹೋದವೇ ಅಕ್ಟೋಬರಿನಲ್ಲಿ ಹಿಂತಿರುಗುತ್ತವೆ ಎಂದುಕೊಳ್ಳಬೇಡಿ. ಬರುವುದು ಅವುಗಳ ಮಕ್ಕಳೋ ಮೊಮ್ಮಕ್ಕಳೋ. ದಾರಿಯನ್ನು ಹಿರಿಯರು ತೋರಿಸಿಕೊಟ್ಟಿರುವುದಿಲ್ಲ.

ಬಯಲು ಒಣಗತೊಡಗಿದಾಗ ಹೂವೂ ತೇವವೂ ಉಳಿಯುವುದು ಘಟ್ಟದ ತಪ್ಪಲಿನ ತೋಟ ಮತ್ತು ಹಳ್ಳದ ಸಾಲಿನಲ್ಲಿ. ಆದ್ದರಿಂದ ಮರಳಿ ಪಶ್ಚಿಮಕ್ಕೆ ಬರುತ್ತವೆ.

ತಾರೀಖು ಬೇಕೆನ್ನುವವರಿಗೆ ನಮ್ಮ ರೈತರ ಮಳೆ ನಕ್ಷತ್ರಗಳ ಲೆಕ್ಕ ಇಂಗ್ಲಿಷ್ ತಿಂಗಳಿಗಿಂತ ಹೆಚ್ಚು ಕೆಲಸಕ್ಕೆ ಬರುತ್ತದೆ. ಹೋಗುವ ಕಾಲ ಭರಣಿಯಿಂದ ಮೃಗಶಿರದ ಮೊದಲ ದಿನಗಳವರೆಗೆ, ಅಂದರೆ ಏಪ್ರಿಲ್ ಕೊನೆಯಿಂದ ಜೂನ್ ಎರಡನೆಯ ವಾರ. ಬರುವ ಕಾಲ ಚಿತ್ತಾದಿಂದ ವಿಶಾಖದವರೆಗೆ, ಅಕ್ಟೋಬರ್ ನಡುವಿನಿಂದ ನವೆಂಬರ್ ನಡುವಿನವರೆಗೆ. ಈ ಕಿಟಕಿಯೊಳಗೆ ನೀವು ಆರಿಸಿಕೊಳ್ಳಬೇಕಾದದ್ದು ಎರಡು ಮೂರು ಬೆಳಿಗ್ಗೆಗಳನ್ನು ಮಾತ್ರ. ಮೇ ತಿಂಗಳಲ್ಲಾದರೆ ಗುಡುಗು ಸಿಡಿಲಿನ ಒಂದು ಒಳ್ಳೆಯ ಮಳೆ ಬಿದ್ದು, ಮರುದಿನವೋ ಅದರ ಮರುದಿನವೋ ಬೆಳಿಗ್ಗೆ ಆಕಾಶ ತೊಳೆದಿಟ್ಟಂತೆ ಇದ್ದರೆ, ಅದು ನಿಮ್ಮ ದಿನ. ಅಕ್ಟೋಬರಿನಲ್ಲಿ ಮೋಡ ಒಡೆದು, ಗಾಳಿ ಪೂರ್ವದಿಂದ ಬೀಸತೊಡಗಿ, ಎರಡು ದಿನ ಸತತ ಬಿಸಿಲು ಬಂದರೆ ಹೊರಡಿ.

ಇಲ್ಲಿ ಕಾಫಿ ಬೆಳೆಗಾರರು ಅನೇಕರಿದ್ದೀರಿ. ಕಾಫಿ ಹೂ ಅರಳಿಸುವ ಹೂಮಳೆ ಎಷ್ಟಾಯಿತು, ಅದರ ಬೆನ್ನಿಗೆ ಬಂದ ಮಳೆ ಎಷ್ಟಾಯಿತು ಎಂದು ಇಂಚು–ಸೆಂಟುಗಳಲ್ಲಿ ಬರೆದಿಡುವ ಪುಸ್ತಕ ಪ್ರತಿ ತೋಟದಲ್ಲೂ ಇದೆ. ಕೆಲವು ಮನೆಗಳಲ್ಲಿ ಎರಡು ಮೂರು ತಲೆಮಾರಿನ ಪುಸ್ತಕಗಳು ಕಪಾಟಿನಲ್ಲಿವೆ. ಅದೇ ಪುಟದ ಪಕ್ಕದಲ್ಲಿ ಇನ್ನೊಂದು ಕಾಲಂ ಎಳೆಯಿರಿ: ಇವತ್ತು ಚಿಟ್ಟೆ ಹೋದವೇ, ಯಾವ ಕಡೆಗೆ? ಮಳೆ ಮತ್ತು ಚಿಟ್ಟೆ ಒಂದೇ ಸಾಲಿನಲ್ಲಿ, ಒಂದೇ ಜಾಗದಿಂದ, ಹತ್ತು ವರ್ಷ ದಾಖಲಾದರೆ ಅಂಥ ದಾಖಲೆಯನ್ನು ಹೊರಗಿನಿಂದ ಬರುವ ಸಂಶೋಧಕರು ಯಾರೂ ಮಾಡಲಾರರು. ಅವರು ಬಂದು ಹೋಗುತ್ತಾರೆ, ನೀವು ಅಲ್ಲೇ ಇರುತ್ತೀರಿ.

ಇನ್ನು ಯಾರು ಈ ಪ್ರಯಾಣಿಕರು? ಮುಖ್ಯವಾಗಿ ನಾಲ್ಕು ಜಾತಿ: ಬ್ಲೂ ಟೈಗರ್, ಡಾರ್ಕ್ ಬ್ಲೂ ಟೈಗರ್, ಕಾಮನ್ ಕ್ರೋ, ಡಬಲ್ ಬ್ರ್ಯಾಂಡೆಡ್ ಕ್ರೋ. ನಾಲ್ಕೂ ಮೊನಾರ್ಕ್‌ನ ಕುಲಸ್ಥರೇ. ಎಲೆ ಮುರಿದರೆ ಹಾಲು ಬರುವ ಬಳ್ಳಿಗಳು ಇವುಗಳ ಮರಿಗಳಿಗೆ ಊಟ. ಕಾಮನ್ ಕ್ರೋ ಊಟದಲ್ಲಿ ಕಟ್ಟುನಿಟ್ಟಿಲ್ಲ: ಕಣಗಿಲೆ, ನಾಮದ ಬೇರಿನ ಬಳ್ಳಿ, ಅತ್ತಿ–ಆಲದ ಜಾತಿಯ ಎಲೆಗಳು ಎಲ್ಲವೂ ನಡೆಯುತ್ತವೆ. ಟೈಗರ್‌ಗಳು ಆಡುಮುಟ್ಟದ ಬಳ್ಳಿ, ವಾಟಕಾಕ ಮುಂತಾದ ಬಳ್ಳಿಗಳಿಗೆ ಹೆಚ್ಚು ಅಂಟಿಕೊಂಡಿವೆ.

ಗುರುತಿಸುವುದು ಹೇಗೆ? ಎರಡು ಟೈಗರ್‌ಗಳಲ್ಲಿ ನೀಲಿ ಪಟ್ಟೆ ಅಗಲವಾಗಿ, ಮಾಸಲಾಗಿ ಇದ್ದು ಮೈ ಕಂದುಗಪ್ಪಾಗಿದ್ದರೆ ಬ್ಲೂ ಟೈಗರ್. ಪಟ್ಟೆ ಸಪೂರ, ಮೈ ಕಡುಗಪ್ಪು ಆಗಿದ್ದರೆ ಡಾರ್ಕ್ ಬ್ಲೂ ಟೈಗರ್. ಎರಡು ಕ್ರೋಗಳಲ್ಲಿ ಗಂಡಿನ ಮುಂದಿನ ರೆಕ್ಕೆಯ ಮೇಲ್ಭಾಗ ನೋಡಬೇಕು. ಹಿಂಬದಿಯ ಅಂಚಿನ ಹತ್ತಿರ ಒಂದು ಮಸುಕು ಗೀರು ಇದ್ದರೆ ಕಾಮನ್ ಕ್ರೋ, ಸಮಾನಾಂತರವಾಗಿ ಎರಡು ಗೀರು ಇದ್ದರೆ ಡಬಲ್ ಬ್ರ್ಯಾಂಡೆಡ್. ರೆಕ್ಕೆ ಮುಚ್ಚಿ ಕೂತಾಗ ಈ ಗೀರು ಕಾಣುವುದಿಲ್ಲ. ಹಾಗಾಗಿ ಅಡಿಭಾಗದ ಫೋಟೋ ಒಂದನ್ನೇ ತೆಗೆದುಕೊಂಡು ಬಂದರೆ ಮನೆಗೆ ಬಂದ ಮೇಲೆ ಒದ್ದಾಡಬೇಕಾಗುತ್ತದೆ. ಮತ್ತು ಹಾರುವಾಗ ಈ ನಾಲ್ಕನ್ನೂ ಬೇರ್ಪಡಿಸಲು ಹೋಗಬೇಡಿ. ಹಾರುವಾಗ ಅವು 'ಟೈಗರ್' ಅಥವಾ 'ಕ್ರೋ', ಅಷ್ಟೇ. ಗೊತ್ತಿಲ್ಲದ್ದನ್ನು ಗೊತ್ತಿದೆ ಎಂದು ಬರೆದರೆ ಇಡೀ ಪುಟ ಹಾಳು.

ಇವುಗಳ ಜೊತೆ ಇನ್ನೂ ಕೆಲವು ಸೇರುತ್ತವೆ. ತೆಳು ಹಳದಿ, ಹಸಿರುಬಿಳಿ ಬಣ್ಣದ ಎಮಿಗ್ರಂಟ್‌ಗಳು, ಬಿಳಿಯ ಕಾಮನ್ ಆಲ್ಬಟ್ರಾಸ್. ಎಮಿಗ್ರಂಟ್‌ಗಳ ವಿಷಯದಲ್ಲಿ ಒಂದು ಎಚ್ಚರಿಕೆ ಬೇಕು. ಕಕ್ಕೆ ಮರ ಚಿಗುರಿದಾಗ ಅದರ ಎಲೆ ತಿಂದು ಬೆಳೆದ ಸಾವಿರಾರು ಮರಿಗಳು ಒಂದೇ ವಾರದಲ್ಲಿ ಚಿಟ್ಟೆಗಳಾಗಿ ಏಳುತ್ತವೆ. ಸುತ್ತಲೂ ಹಳದಿ ಕಾಣುತ್ತದೆ. ಅದು ಅಲ್ಲಿಯೇ ಹುಟ್ಟಿದ ಸಂತೆ. ಅವೆಲ್ಲ ಒಂದೇ ದಿಕ್ಕಿಗೆ ಹೊರಟಾಗ ಮಾತ್ರ ವಲಸೆ ಎನ್ನಬೇಕು. ನಮ್ಮ ರಾಜ್ಯದ ಚಿಟ್ಟೆ ಸದರ್ನ್ ಬರ್ಡ್‌ವಿಂಗ್ ದೊಡ್ಡದು, ಹಳದಿ–ಕಪ್ಪು ಬಣ್ಣದ್ದು, ಈಶ್ವರಿ ಬಳ್ಳಿ ಇರುವ ಕಾಡಿನಲ್ಲೇ ಉಳಿಯುವಂಥದ್ದು. ಅದು ಈ ಮೆರವಣಿಗೆಯಲ್ಲಿ ಇರುವುದಿಲ್ಲ.

ಅಕ್ಟೋಬರಿನಲ್ಲಿ ನಿಂತವರಿಗೆ ಇನ್ನೊಂದು ಕಾಣುತ್ತದೆ, ಮಾತು ಬಂದದ್ದರಿಂದ ಹೇಳಿಬಿಡುತ್ತೇನೆ. ಗದ್ದೆ, ಮೈದಾನದ ಮೇಲೆ ನೂರಾರು ಹೊಂಬಣ್ಣದ ಏರೋಪ್ಲೇನ್ ಚಿಟ್ಟೆಗಳು (ಡ್ರ್ಯಾಗನ್‌ಫ್ಲೈಗಳು) ಕೂರದೆ ತೇಲುತ್ತಿರುತ್ತವೆ. ಪಾಂಟಾಲ ಎಂಬ ಕುಲದವು. ಮಾಲ್ಡೀವ್ಸ್‌ನಲ್ಲಿ ನೆಲೆಸಿದ್ದ ಜೀವಶಾಸ್ತ್ರಜ್ಞ ಚಾರ್ಲ್ಸ್ ಆಂಡರ್ಸನ್ 2009ರಲ್ಲಿ ಇವುಗಳ ಬಗ್ಗೆ ಬರೆದು, ಇವು ಭಾರತದಿಂದ ಸಮುದ್ರ ದಾಟಿ ಮಾಲ್ಡೀವ್ಸ್ ಮೂಲಕ ಆಫ್ರಿಕಾ ಕಡೆಗೆ ಹೋಗುತ್ತವೆ ಎಂದು ವಾದಿಸಿದರು. ನಿಮ್ಮ ಹಾಳೆಯಲ್ಲಿ ಅವಕ್ಕೂ ಒಂದು ಕಾಲಂ ಇರಲಿ, ಆದರೆ ಚಿಟ್ಟೆಯ ಎಣಿಕೆಯೊಳಗೆ ಸೇರಿಸಬೇಡಿ.

ವಲಸೆ ಹಾರಾಟ ನೋಡಿದರೆ ಗೊತ್ತಾಗುತ್ತದೆ. ಹೂವಿನಿಂದ ಹೂವಿಗೆ ಹೋಗುವ ಚಿಟ್ಟೆ ಅಂಕುಡೊಂಕಾಗಿ ಹಾರುತ್ತದೆ, ತಿರುಗುತ್ತದೆ, ಕೂರುತ್ತದೆ. ವಲಸೆಯಲ್ಲಿರುವ ಚಿಟ್ಟೆ ಗೋಡೆ ಅಡ್ಡ ಬಂದರೆ ಪಕ್ಕದಿಂದ ಸುತ್ತಿಹೋಗದೆ ಗೋಡೆಯ ಮೇಲೇರಿ ಆಚೆ ಇಳಿದು ಅದೇ ದಿಕ್ಕು ಹಿಡಿಯುತ್ತದೆ. ಸಿಲ್ವರ್ ಓಕ್ ಸಾಲು ಅಡ್ಡ ಬಂದರೂ ಅಷ್ಟೇ. ಐದು ನಿಮಿಷ ಸುಮ್ಮನೆ ನೋಡಿ: ಹತ್ತರಲ್ಲಿ ಎಂಟು ಒಂದೇ ಕಡೆಗೆ ಹೋಗುತ್ತಿದ್ದರೆ ನೀವು ವಲಸೆಯ ನಡುವೆ ನಿಂತಿದ್ದೀರಿ.

ಈಗ ಎಲ್ಲಿ ನಿಲ್ಲಬೇಕು. ಬಾಬಾಬುಡನ್‌ಗಿರಿ ಸಾಲನ್ನು, ನಮ್ಮ ಚಂದ್ರದ್ರೋಣ ಪರ್ವತವನ್ನು, ನಕ್ಷೆಯಲ್ಲಿ ನೋಡಿದ್ದೀರಿ. ಕುದುರೆ ಲಾಳದ ಆಕಾರ, ಬಾಯಿ ವಾಯವ್ಯದ ಕಡೆಗೆ, ಒಳಗೆ ಜಾಗರ ಕಣಿವೆ. ಭದ್ರೆಯ ಕಡೆಯಿಂದ ಕಣಿವೆಗೆ ಬಂದ ಚಿಟ್ಟೆ ಪೂರ್ವಕ್ಕೆ ಹೋಗಬೇಕಾದರೆ ಈ ಲಾಳದ ಅಂಚನ್ನು ಹತ್ತಿ ದಾಟಲೇಬೇಕು. ಅಂಚಿನಲ್ಲಿ ಎಲ್ಲಿ ತಗ್ಗು ಇದೆಯೋ ಅಲ್ಲಿ ಅವು ಒತ್ತಾಗುತ್ತವೆ. ಆದ್ದರಿಂದ ಮುಳ್ಳಯ್ಯನಗಿರಿಯ 1,930 ಮೀಟರ್ ತುದಿಗೆ ಹೋಗಿ ನಿಲ್ಲುವುದು ನೋಟಕ್ಕೆ ಚೆನ್ನ, ಚಿಟ್ಟೆಗೆ ಅಲ್ಲ. ತುದಿಯಲ್ಲಿ ಗಾಳಿ ಬಿರುಸು, ಮಂಜು ಯಾವಾಗ ಮುಚ್ಚುತ್ತದೋ ಹೇಳಲಾಗದು. ಎರಡು ತುದಿಗಳ ನಡುವಿನ ತಗ್ಗನ್ನು, ರಸ್ತೆ ಬೆಟ್ಟದ ಅಂಚನ್ನು ದಾಟುವ ತಿರುವನ್ನು ಹುಡುಕಿ. ಕೈಮರದಿಂದ ಮೇಲಕ್ಕೆ ಹೋಗುವ ದಾರಿಯಲ್ಲಿ, ಅತ್ತಿಗುಂಡಿ ಕಡೆ ಅಂಥ ಜಾಗಗಳಿವೆ. ಗಿರಿಗೆ ವಾಹನ ಬಿಡುವ ನಿಯಮಗಳು ಬದಲಾಗುತ್ತಿರುತ್ತವೆ, ಹೊರಡುವ ಮುನ್ನ ವಿಚಾರಿಸಿಕೊಳ್ಳಿ. ರಜೆ ದಿನ ಹೋಗಬೇಡಿ. ಕಾರುಗಳ ಸಾಲಿನಲ್ಲಿ ಸಿಕ್ಕಿಕೊಂಡರೆ ಒಳ್ಳೆಯ ಎರಡು ಗಂಟೆ ಹೋಯಿತು.

ಬೆಟ್ಟದ ಪೂರ್ವ ಬುಡದಲ್ಲಿ ಸಖರಾಯಪಟ್ಟಣದ ಅಯ್ಯನಕೆರೆ ಏರಿ ಇದೆ. ಬೆಟ್ಟ ಇಳಿದು ಬಯಲಿಗೆ ಹೊರಟ ಚಿಟ್ಟೆಗಳನ್ನು ನೋಡಲು ತೆರೆದ, ಉದ್ದನೆಯ, ಅಡ್ಡಿಯಿಲ್ಲದ ಗೆರೆ ಅದು. ಎಣಿಸುವವರಿಗೆ ಗಿರಿಯ ತುದಿಗಿಂತ ಕೆರೆ ಏರಿ ಮೇಲು ಎಂಬುದು ನನ್ನ ಖಚಿತ ಅಭಿಪ್ರಾಯ. ಹಾಸನದ ಕಡೆಯವರಿಗೆ ಬಿಸಿಲೆ, ಸಕಲೇಶಪುರದ ಮಂಜರಾಬಾದ್ ಕೋಟೆಯ ಗುಡ್ಡ, ಗೊರೂರಿನ ಹೇಮಾವತಿ ಹಿನ್ನೀರಿನ ದಡ. ಮೂಡಿಗೆರೆಯವರಿಗೆ ದೇವರಮನೆ, ಚಾರ್ಮಾಡಿಯ ಮೇಲಿನ ತಿರುವುಗಳು. ಆದರೆ ಚಾರ್ಮಾಡಿಯಲ್ಲಿ ರಸ್ತೆ ಪಕ್ಕ ನಿಂತು ಎಣಿಸುವುದು ಅಪಾಯ. ವಾಹನ ನಿಲ್ಲಿಸಲು ಜಾಗ ಇರುವಲ್ಲಿ ಮಾತ್ರ ನಿಲ್ಲಿ.

ಸಕಲೇಶಪುರ, ಆಲೂರು, ಬೇಲೂರು, ಮೂಡಿಗೆರೆ ಕಡೆ ಬೆಳಗಿನ ಹೊತ್ತು ಆನೆಯ ಹೊತ್ತು. ಇಲ್ಲಿ ಚಿಟ್ಟೆ ನೋಡುವವರಿಗೆ ಒಂದು ಅನುಕೂಲ ಇದೆ. ಹಕ್ಕಿ ನೋಡುವವರ ಹಾಗೆ ಕತ್ತಲಲ್ಲಿ ಏಳಬೇಕಾಗಿಲ್ಲ. ಎಂಟೂವರೆಗೆ ಮೊದಲು ಚಿಟ್ಟೆಗಳು ರೆಕ್ಕೆ ಹರಡಿ ಬಿಸಿಲು ಕಾಯಿಸುತ್ತಿರುತ್ತವೆ. ಒಂಬತ್ತರಿಂದ ಹನ್ನೆರಡರ ನಡುವೆ ಹಾರಾಟ ಜೋರು. ಮೇ ತಿಂಗಳಲ್ಲಿ ಎರಡು ಗಂಟೆಯ ಮೇಲೆ ಮೋಡ ಕಟ್ಟಿದರೆ ಅಲ್ಲಿಗೆ ಮುಗಿಯಿತು, ಸಿಡಿಲಿಗೆ ಮುಂಚೆ ಬೋಳು ಗುಡ್ಡದಿಂದ ಇಳಿದುಬಿಡಿ. ತೋಟದೊಳಗೆ ಹೋಗುವುದಾದರೆ ತೋಟದವರನ್ನು ಕೇಳಿ, ಆನೆ ಎಲ್ಲಿದೆ ಎಂಬುದು ಅವರಿಗೆ ಗೊತ್ತಿರುತ್ತದೆ. ಅಕ್ಟೋಬರಿನಲ್ಲಿ ಉಂಬಳ (ಜಿಗಣೆ) ಇನ್ನೂ ಇರುತ್ತವೆ, ಕಾಲಿಗೆ ಉದ್ದ ಚೀಲ ಇರಲಿ.

ಗಾಳಿಯ ವಿಷಯ ಸ್ವಲ್ಪ ಬಿಡಿಸಿ ಹೇಳಬೇಕು, ಏಕೆಂದರೆ ಅನೇಕರು ಇಲ್ಲೇ ಮೋಸಹೋಗುತ್ತಾರೆ. ಮೇ ತಿಂಗಳ ಪಶ್ಚಿಮದ ಗಾಳಿ ಪೂರ್ವಕ್ಕೆ ಹೋಗುವ ಚಿಟ್ಟೆಗೆ ಬೆನ್ನ ಹಿಂದಿನ ಗಾಳಿ. ಅಕ್ಟೋಬರ್ ಕೊನೆಯ ಈಶಾನ್ಯದ ಗಾಳಿ ಮರಳುವ ಚಿಟ್ಟೆಗೆ ಬೆನ್ನ ಹಿಂದಿನದು. ಗಾಳಿ ಬೆನ್ನಿಗಿದ್ದಾಗ ಅವು ಎತ್ತರದಲ್ಲಿ ಹೋಗುತ್ತವೆ, ನಮಗೆ ಕಾಣುವುದಿಲ್ಲ. ಗಾಳಿ ಎದುರಾದಾಗ ಅಥವಾ ನಿಂತಾಗ ನೆಲದ ಹತ್ತಿರಕ್ಕೆ ಇಳಿಯುತ್ತವೆ, ಏಕೆಂದರೆ ನೆಲದ ಸಮೀಪ ಗಾಳಿಯ ವೇಗ ಕಡಿಮೆ. ಹಾಗಾಗಿ "ಇವತ್ತು ಗಾಳಿ ಅನುಕೂಲವಾಗಿದೆ, ಆದರೆ ಚಿಟ್ಟೆ ಇಲ್ಲ" ಎಂದು ಬೇಸರಪಡಬೇಡಿ. ಬೈನಾಕ್ಯುಲರ್ ಎತ್ತಿ ಬಿಳಿ ಮೋಡದ ಹಿನ್ನೆಲೆಯಲ್ಲಿ ನೋಡಿ. ನೀಲಿ ಆಕಾಶದಲ್ಲಿ ಕಾಣದ ಚುಕ್ಕೆಗಳು ಮೋಡದ ಮುಂದೆ ಕಾಣುತ್ತವೆ. ಎಂಟು ಪಟ್ಟು ದೊಡ್ಡದು ಮಾಡುವ ಬೈನಾಕ್ಯುಲರ್ ಸಾಕು. ಎರಡು ಮೀಟರ್ ಹತ್ತಿರದ್ದನ್ನೂ ಸ್ಪಷ್ಟ ತೋರಿಸುವಂಥದ್ದಾದರೆ ಹೂವಿನ ಮೇಲಿನ ಚಿಟ್ಟೆಗೂ ಉಪಯೋಗ.

ಎಣಿಸುವುದು ಹೀಗೆ. ಇಬ್ಬರು ಬೇಕು, ಒಬ್ಬರು ನೋಡಲು, ಒಬ್ಬರು ಬರೆಯಲು. ಹಾರಾಟದ ದಿಕ್ಕಿಗೆ ಅಡ್ಡವಾಗಿ 20 ಮೀಟರ್ ಅಂತರದ ಎರಡು ಗುರುತು ಆರಿಸಿಕೊಳ್ಳಿ. ಎರಡು ಮರ, ಎರಡು ಕಂಬ, ಏನಾದರೂ ಸರಿ, ಹೆಜ್ಜೆ ಹಾಕಿ ಅಳೆಯಿರಿ. ಆ ಗೆರೆಯನ್ನು ದಾಟಿದ್ದು ಮಾತ್ರ ಎಣಿಕೆಗೆ. ಐದು ನಿಮಿಷ ಎಣಿಸಿ, ಹತ್ತು ನಿಮಿಷ ಬಿಡಿ, ಮತ್ತೆ ಐದು ನಿಮಿಷ. ಗಂಟೆಗೆ ನಾಲ್ಕು ಎಣಿಕೆ ಆಗುತ್ತದೆ. ಕಣ್ಣು ದಣಿದರೆ ಸಂಖ್ಯೆ ತಾನಾಗಿ ಇಳಿಯುತ್ತದೆ, ಅದಕ್ಕೇ ನಡುವೆ ಬಿಡುವು. ಆ ಹತ್ತು ನಿಮಿಷದಲ್ಲಿ ಇಬ್ಬರೂ ಜಾಗ ಬದಲಿಸಿಕೊಳ್ಳಿ. ಕೈಯಲ್ಲಿ ಒತ್ತುವ ಕೌಂಟರ್ ಇದ್ದರೆ ಕಣ್ಣು ತೆಗೆಯದೆ ಎಣಿಸಬಹುದು. ಎರಡು ಕೌಂಟರ್ ಇದ್ದರೆ ಇನ್ನೂ ಒಳ್ಳೆಯದು, ಎಡಗೈಯದು ಎದುರು ದಿಕ್ಕಿಗೆ ಹೋದವುಗಳಿಗೆ. ಅವನ್ನು ಬಿಟ್ಟುಬಿಡಬಾರದು. ಪೂರ್ವಕ್ಕೆ 140, ಪಶ್ಚಿಮಕ್ಕೆ 12 ಎಂದು ಎರಡನ್ನೂ ಬರೆಯಿರಿ.

140ನ್ನು ಐದರಿಂದ ಭಾಗಿಸಿದರೆ ನಿಮಿಷಕ್ಕೆ 28. ನಿಮಿಷಕ್ಕೆ ಇಷ್ಟು, 20 ಮೀಟರಿಗೆ ಇಷ್ಟು, ಇದೇ ನಮ್ಮ ಅಳತೆ. ಅದನ್ನು ಬೆಟ್ಟದ ಉದ್ದಕ್ಕೆ, ದಿನದ ಗಂಟೆಗಳಿಗೆ ಗುಣಿಸಿ "ಹತ್ತು ಲಕ್ಷ ಚಿಟ್ಟೆ ಹೋದವು" ಎಂದು ಪತ್ರಿಕೆಗೆ ಕೊಡಬೇಡಿ. ತಗ್ಗಿನಲ್ಲಿ ಒತ್ತಾಗಿ ಹೋದದ್ದು ಪಕ್ಕದ ಏರಿನಲ್ಲಿ ಇರುವುದಿಲ್ಲ, ಹತ್ತು ಗಂಟೆಯ ಸಂಖ್ಯೆ ಒಂದು ಗಂಟೆಗೆ ಇರುವುದಿಲ್ಲ.

ಪ್ರತಿ ಎಣಿಕೆಯ ಜೊತೆ ಬರೆಯಬೇಕಾದದ್ದು: ಸಮಯ, ದಿಕ್ಕು ಡಿಗ್ರಿಯಲ್ಲಿ, ಗಾಳಿ ಎಲ್ಲಿಂದ, ಆಕಾಶದಲ್ಲಿ ಎಷ್ಟು ಪಾಲು ಮೋಡ, ನೆರಳಿನಲ್ಲಿ ಉಷ್ಣಾಂಶ, ಹಾರಾಟದ ಎತ್ತರ. ಎತ್ತರಕ್ಕೆ ಮೂರೇ ಹಂತ ಸಾಕು: ತಲೆಗಿಂತ ಕೆಳಗೆ, ಮರದ ತಲೆಯವರೆಗೆ, ಅದಕ್ಕೂ ಮೇಲೆ. ದಿಕ್ಕಿಗೆ ಮೊಬೈಲಿನ ದಿಕ್ಸೂಚಿ ಸಾಲುತ್ತದೆ, ಆದರೆ ಕಾರಿನ ಪಕ್ಕ ನಿಂತು ನೋಡಬೇಡಿ, ಅಯಸ್ಕಾಂತದ ಗುಂಡಿ ಇರುವ ಮೊಬೈಲ್ ಕವರ್ ತೆಗೆದುಬಿಡಿ. ಎರಡೂ ಸೂಜಿಯನ್ನು ಎಳೆಯುತ್ತವೆ. ಸೊನ್ನೆ ಬಂದ ಎಣಿಕೆಯನ್ನೂ ತಪ್ಪದೆ ಬರೆಯಿರಿ. ಚಿಟ್ಟೆ ಬಂದ ದಿನಗಳನ್ನಷ್ಟೇ ಬರೆದರೆ ವಲಸೆ ಯಾವಾಗ ಶುರುವಾಯಿತು, ಯಾವಾಗ ನಿಂತಿತು ಎಂದು ಯಾರಿಗೂ ತಿಳಿಯುವುದಿಲ್ಲ.

ಈ ಬರೆದಿಡುವ ಅಭ್ಯಾಸ ದಕ್ಷಿಣ ಭಾರತದಲ್ಲಿ ಹೊಸದಲ್ಲ. ಜಾನ್ ಎವರ್‌ಶೆಡ್ ಹೆಸರು ಭೌತಶಾಸ್ತ್ರ ಓದಿದವರು ಕೇಳಿರುತ್ತೀರಿ. ಕೊಡೈಕನಾಲ್ ವೀಕ್ಷಣಾಲಯದಲ್ಲಿ ಸೂರ್ಯನ ಕಲೆಗಳಲ್ಲಿ ಅನಿಲದ ಚಲನೆಯನ್ನು 1909ರಲ್ಲಿ ಕಂಡುಹಿಡಿದವರು. ಸೂರ್ಯನನ್ನು ನೋಡುವ ಆ ಮನುಷ್ಯ ಚಿಟ್ಟೆಗಳ ವಲಸೆಯ ಬಗ್ಗೆ 1910ರಲ್ಲಿ ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಯ ಪತ್ರಿಕೆಯಲ್ಲಿ ಟಿಪ್ಪಣಿ ಪ್ರಕಟಿಸಿದ್ದಾರೆ. ಬೇರೆ ಕೆಲಸದ ನಡುವೆ ಕಂಡದ್ದನ್ನು ಬರೆದಿಟ್ಟ ಒಂದು ಪುಟ ನೂರು ವರ್ಷದ ಮೇಲೂ ಕೆಲಸಕ್ಕೆ ಬರುತ್ತದೆ.

ಯಾವ ಜಾತಿ ಎಷ್ಟು ಪಾಲು ಎಂದು ತಿಳಿಯಲು ಬೇರೆಯ ಕೆಲಸ ಮಾಡಬೇಕು. ಹಾರಾಟ ಇಳಿದ ಮೇಲೆ, ಮಧ್ಯಾಹ್ನ, ಹೂವಿನ ಮೇಲೆ ಕೂತ 50 ಚಿಟ್ಟೆಗಳ ಫೋಟೋ ತೆಗೆಯಿರಿ. ಚೆಂದದ್ದನ್ನು ಆರಿಸದೆ, ದಾರಿಯಲ್ಲಿ ಸಿಕ್ಕ ಕ್ರಮದಲ್ಲೇ ತೆಗೆಯಬೇಕು. ಇಲ್ಲಿ ಒಂದು ಬಲೆ ಇದೆ, ಅದನ್ನು ವಿವರವಾಗಿ ಹೇಳುತ್ತೇನೆ.

ಗಿಲಿಗಿಚ್ಚಿ ಗಿಡ ಗೊತ್ತಲ್ಲ, ಹಳದಿ ಹೂ ಬಿಟ್ಟು, ಕಾಯಿ ಒಣಗಿದಾಗ ಒಳಗೆ ಬೀಜ ಗಿಲಗಿಲ ಎನ್ನುವ ಕ್ರೊಟಲೇರಿಯ. ಅದರ ಮೇಲೆ, ಚೇಳುಕೊಂಡಿ ಗಿಡದ ಮೇಲೆ, ತೋಟದಲ್ಲಿ ತುಂಬಿರುವ ಅಜೆರೇಟಂ ಕಳೆಯ ಮೇಲೆ ಈ ಚಿಟ್ಟೆಗಳು ಮುತ್ತಿಕೊಂಡಿರುತ್ತವೆ. ಹತ್ತಿರ ಹೋಗಿ ನೋಡಿದರೆ ಗಿಲಿಗಿಚ್ಚಿಯಲ್ಲಿ ಅವು ಹೂವಿಗೆ ಬಾಯಿ ಹಾಕಿರುವುದಿಲ್ಲ. ಕಾಂಡವನ್ನು, ಎಲೆಯನ್ನು, ಕಾಯಿಯನ್ನು ಕಾಲಿನ ಉಗುರಿನಿಂದ ಕೆರೆದು, ಒಸರಿದ ರಸವನ್ನು ಹೀರುತ್ತಿರುತ್ತವೆ. ಆ ರಸದಲ್ಲಿ ಪೈರೊಲಿಜಿಡೀನ್ ಆಲ್ಕಲಾಯ್ಡ್ ಎಂಬ ವಿಷವಿದೆ. ಗಂಡು ಅದರಿಂದ ಹೆಣ್ಣನ್ನು ಸೆಳೆಯುವ ಗಂಧ ತಯಾರಿಸುತ್ತದೆ, ಹೊಟ್ಟೆಯ ತುದಿಯಲ್ಲಿರುವ ಕೂದಲಿನ ಕುಂಚದಿಂದ ಅದನ್ನು ಹರಡುತ್ತದೆ. ಹಕ್ಕಿಗಳಿಗೆ ಚಿಟ್ಟೆಯ ರುಚಿ ಕೆಡಿಸುವುದೂ ಇದೇ ವಿಷ. ಈ ರಸ ಮುಖ್ಯವಾಗಿ ಬೇಕಾಗುವುದು ಗಂಡುಗಳಿಗೆ. ಹಾಗಾಗಿ ಗಿಲಿಗಿಚ್ಚಿಯ ಮೇಲೆ 50 ಫೋಟೋ ತೆಗೆದು "ವಲಸೆಯಲ್ಲಿ ಗಂಡುಗಳೇ ಹೆಚ್ಚು" ಎಂದು ಬರೆದರೆ ಅದು ವಲಸೆಯ ಲೆಕ್ಕ ಆಗುವುದಿಲ್ಲ, ಆ ಗಿಡದ ಲೆಕ್ಕ ಆಗುತ್ತದೆ. ಜಾತಿ ಎಣಿಸಲು ಬೇರೆ ಹೂವುಗಳನ್ನೂ ಸೇರಿಸಿಕೊಳ್ಳಿ, ಯಾವ ಗಿಡ ಎಂದು ಪ್ರತಿ ಫೋಟೋಗೂ ಬರೆಯಿರಿ.

ಮಕ್ಕಳಿಗೆ ಹತ್ತಿರದಿಂದ ತೋರಿಸಬೇಕಾದರೆ ಇದೇ ಗುಣ ಉಪಯೋಗಕ್ಕೆ ಬರುತ್ತದೆ. ಗಿಲಿಗಿಚ್ಚಿಯ ನಾಲ್ಕಾರು ಕೊಂಬೆ ಮುರಿದು ಬಿಸಿಲಿನಲ್ಲಿ ಬಾಡಲು ಬಿಡಿ. ಬಾಡಿದ, ಗಾಯಗೊಂಡ ಗಿಡ ಹಸಿ ಗಿಡಕ್ಕಿಂತ ಹೆಚ್ಚು ಸೆಳೆಯುತ್ತದೆ. ವಲಸೆಯ ದಿನವಾದರೆ ಗಂಡುಗಳು ಬಂದು ಕೂರುತ್ತವೆ, ಗೀರು ಒಂದೋ ಎರಡೋ ಎಂದು ಸಾವಕಾಶವಾಗಿ ನೋಡಬಹುದು. ಆ ಕೊಂಬೆಗಳನ್ನು ದನ ಮೇಯುವಲ್ಲಿ ಬಿಡಬೇಡಿ, ದನಗಳ ಯಕೃತ್ತಿಗೆ ಅದು ವಿಷ.

ಮರಳಿ ಬಂದ ಚಿಟ್ಟೆಗಳು ಒಣ ತಿಂಗಳುಗಳಲ್ಲಿ ಹಳ್ಳದ ಪಕ್ಕದ ತಂಪು ನೆರಳಿನಲ್ಲಿ, ಎಲೆ ಉದುರಿದ ಬಳ್ಳಿ, ಒಣ ಕಡ್ಡಿಗಳಿಗೆ ಸಾಲಾಗಿ ಜೋತುಬಿದ್ದು ಕಾಲ ಕಳೆಯುತ್ತವೆ. ಮೊದಲ ನೋಟಕ್ಕೆ ಒಣ ಎಲೆ ಎನ್ನಿಸುತ್ತದೆ. ಆಗ ಅವು ಮೊಟ್ಟೆ ಇಡುವುದಿಲ್ಲ. ಮೈಯಲ್ಲಿ ಕೂಡಿಟ್ಟ ಕೊಬ್ಬನ್ನು ನಿಧಾನವಾಗಿ ಖರ್ಚು ಮಾಡುತ್ತಾ ಮುಂದಿನ ಮಳೆಗೆ ಕಾಯುತ್ತವೆ. ವಿಡಿಯೋ ತೆಗೆಯಲೆಂದು ಕೊಂಬೆ ಅಲ್ಲಾಡಿಸಿದರೆ ಸಾವಿರ ಚಿಟ್ಟೆ ಒಟ್ಟಿಗೆ ಏಳುತ್ತವೆ, ನೋಡಲು ಅದ್ಭುತ, ಆದರೆ ಆ ಒಂದು ಏಳುವಿಕೆಗೆ ಅವು ಖರ್ಚು ಮಾಡಿದ ಕೊಬ್ಬು ಬೇಸಿಗೆಯಲ್ಲಿ ಮತ್ತೆ ಸಿಗುವುದು ಕಷ್ಟ. ದಯವಿಟ್ಟು ಹಾಗೆ ಮಾಡಬೇಡಿ, ಮಾಡುವವರನ್ನು ತಡೆಯಿರಿ. ಹತ್ತು ಮೀಟರ್ ದೂರ ನಿಲ್ಲಿ, ಫ್ಲ್ಯಾಶ್ ಬೇಡ. ಬಿಸಿಲು ಕಣಿವೆಗೆ ಇಳಿಯುವ ಮುಂಚೆ ಹೋದರೆ ಅವು ಅಲುಗಾಡದೆ ಇರುತ್ತವೆ. ನೆಲೆ ಸಿಕ್ಕಿದರೆ ಜಾಗದ ನಿಖರ ಗುರುತನ್ನು ಸಾಮಾಜಿಕ ಜಾಲತಾಣದಲ್ಲಿ ಹಾಕಬೇಡಿ. ಭದ್ರಾ ಹುಲಿ ಮೀಸಲಿನೊಳಗೆ, ಮುತ್ತೋಡಿ ಕಡೆ, ಅರಣ್ಯ ಇಲಾಖೆ ಬಿಡುವ ದಾರಿಯಲ್ಲಿ ಮಾತ್ರ ಓಡಾಟ. ಬಲೆ ಬೀಸುವುದು, ಹಿಡಿದು ಗುರುತು ಹಾಕುವುದು ಅನುಮತಿ ಇಲ್ಲದೆ ಮಾಡುವಂತಿಲ್ಲ.

ವಲಸೆಯಲ್ಲಿ ಚಿಟ್ಟೆ ಅತಿ ಹೆಚ್ಚು ಸಾಯುವುದನ್ನು ನಾವು ಕಣ್ಣಾರೆ ಕಾಣುವುದು ರಸ್ತೆಯಲ್ಲಿ. ರಸ್ತೆಯಂಚಿನಲ್ಲಿ ಹೂ ಇರುತ್ತದೆ, ತೇವದ ಮಣ್ಣು ಇರುತ್ತದೆ, ಚಿಟ್ಟೆಗಳು ಅಲ್ಲಿಗೆ ಇಳಿಯುತ್ತವೆ. ಲಾರಿಯ ಗಾಜಿಗೆ ಬಡಿಯದಿದ್ದರೂ ಅದರ ಹಿಂದಿನ ಗಾಳಿಯ ಸುಳಿಗೆ ಸಿಕ್ಕಿ ರೆಕ್ಕೆ ಹರಿಯುತ್ತದೆ. ವಲಸೆ ನೋಡಲು ಹೊರಟವರ ಕಾರೇ ಹೀಗೆ ಮಾಡಬಾರದು. ಒಂಬತ್ತರಿಂದ ಹನ್ನೆರಡರವರೆಗೆ ಘಟ್ಟದ ರಸ್ತೆಯಲ್ಲಿ ಗಂಟೆಗೆ 30 ಕಿಲೋಮೀಟರ್ ಮೀರಬೇಡಿ. ಆ ವೇಗದಲ್ಲಿ ಗಾಳಿಯ ಒತ್ತಡಕ್ಕೆ ಚಿಟ್ಟೆ ಗಾಜಿನ ಮೇಲಿಂದ ಎತ್ತಿಹೋಗುತ್ತದೆ, ಹೆಚ್ಚಾದರೆ ಬಡಿಯುತ್ತದೆ. ಸತ್ತದ್ದನ್ನೂ ಎಣಿಸಬಹುದು: ನೂರು ಮೀಟರ್ ರಸ್ತೆ, ಎರಡೂ ಅಂಚು, ದಿನವೂ ಅದೇ ನೂರು ಮೀಟರ್. ಸತ್ತ ಚಿಟ್ಟೆಯ ರೆಕ್ಕೆ ಬಿಡಿಸಿ ಗೀರು ನೋಡುವುದು ಸುಲಭ, ಜಾತಿಯ ಲೆಕ್ಕಕ್ಕೆ ಅದೂ ಸಹಾಯ.

ದಾಖಲೆಗಳನ್ನು ಮನೆಯಲ್ಲಿ ಇಟ್ಟುಕೊಂಡರೆ ಸಾಲದು. ಇಂಡಿಯಾ ಬಯೋಡೈವರ್ಸಿಟಿ ಪೋರ್ಟಲ್, ಐನ್ಯಾಚುರಲಿಸ್ಟ್ ಎಂಬ ಎರಡೂ ಜಾಲತಾಣಗಳಲ್ಲಿ ಫೋಟೋ ಜೊತೆ ಜಾಗ, ದಿನಾಂಕ ಹಾಕಬಹುದು. ದಿಕ್ಕು ಮತ್ತು ನಿಮಿಷದ ಎಣಿಕೆಯನ್ನು ಟಿಪ್ಪಣಿಯಲ್ಲಿ ಸೇರಿಸಿ. ಕನ್ನಡದಲ್ಲಿ ಬರೆದರೂ ನಡೆಯುತ್ತದೆ. ಮೂಲ ಹಾಳೆಯನ್ನು ಎಸೆಯಬೇಡಿ.

ಕೊನೆಗೆ ತೋಟದವರಿಗೆ ಒಂದು ಕೆಲಸ. ಕೊಯ್ಲಿಗೆ ಮುಂಚೆ, ಅಕ್ಟೋಬರಿನಲ್ಲಿ, ನಾವು ಕಳೆ ತೆಗೆಸುತ್ತೇವೆ. ಚಿಟ್ಟೆಗಳು ದಣಿದು ಬಂದು ಇಳಿಯುವುದು ಸರಿಯಾಗಿ ಆಗಲೇ. ಗಿಡದ ಬುಡ ಚೊಕ್ಕಟ ಮಾಡಿಸಿ, ಕೊಯ್ಲಿಗೆ ಅದು ಬೇಕೇ ಬೇಕು. ತೋಟದ ದಾರಿಯ ಅಂಚಿನಲ್ಲಿ, ಹಳ್ಳದ ಬದಿಯಲ್ಲಿ ಎರಡು ಮೀಟರ್ ಅಗಲದ ಪಟ್ಟಿಯನ್ನು ವಿಶಾಖ ಮಳೆ ಮುಗಿಯುವವರೆಗೆ ಕತ್ತಿ ಹಾಕದೆ ಬಿಡಿ. ಕಳೆನಾಶಕವನ್ನಂತೂ ಆ ಪಟ್ಟಿಗೆ ಹೊಡೆಯಬೇಡಿ. ಅಜೆರೇಟಂ ಬೀಜ ಉದುರಿ ಮುಂದಿನ ವರ್ಷ ಕಳೆ ಹೆಚ್ಚುತ್ತದೆ ಎಂಬ ಆತಂಕ ನ್ಯಾಯವಾದದ್ದೇ. ಹಾಗಿದ್ದರೆ ಅಜೆರೇಟಂ ಕಿತ್ತು ಅಲ್ಲಿ ಗಿಲಿಗಿಚ್ಚಿ ಬಿತ್ತಿ. ಅದು ಹಸಿರೆಲೆ ಗೊಬ್ಬರಕ್ಕೂ ಆಗುತ್ತದೆ, ಹೊಸ ತೋಟದಲ್ಲಿ ನೆಲ ಮುಚ್ಚಲೂ ಆಗುತ್ತದೆ. ಮುಂಗಾರಿನ ಮೊದಲ ಮಳೆಗೆ ಬಿತ್ತಿದರೆ ಚಿಟ್ಟೆಗಳು ಮರಳುವ ಹೊತ್ತಿಗೆ ಹೂ–ಕಾಯಿ ಬಿಟ್ಟಿರುತ್ತದೆ. ದನ ಹೋಗುವ ದಾರಿ ಬಿಟ್ಟು ಬಿತ್ತಿ. ಬೇಲಿಯ ಮೇಲೆ ಹಬ್ಬಿದ ಹಾಲುಬಳ್ಳಿಗಳನ್ನು ಆಳುಗಳು ಅಭ್ಯಾಸಬಲದಿಂದ ಎಳೆದು ಹಾಕುತ್ತಾರೆ. ಆಡುಮುಟ್ಟದ ಬಳ್ಳಿ, ನಾಮದ ಬೇರು ಯಾವುದೆಂದು ಒಮ್ಮೆ ಅವರಿಗೆ ತೋರಿಸಿಕೊಟ್ಟರೆ ಬಿಡುತ್ತಾರೆ.